ನಾನು ತಿದ್ದಿದ ತಪ್ಪೊಪ್ಪಿಗೆ

ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳುವುದಕ್ಕೆ ಒಂದು ಕ್ರಮವಿದೆ. ಎದ್ದು ನಿಂತವನು ಮೊದಲು ತಾನು ಎಷ್ಟು ಕೆಟ್ಟವನಾಗಿದ್ದೆ ಎಂದು ಹೇಳಬೇಕು. ಆಮೇಲೆ ಕರ್ತನು ತನ್ನನ್ನು ಹೇಗೆ ಹಿಡಿದನು ಎಂದು ಹೇಳಬೇಕು. ಕೊನೆಗೆ ಸ್ತೋತ್ರ. ಕುಡಿಯುತ್ತಿದ್ದೆ ಎನ್ನಬಹುದು, ಎಲ್ಲಿ ಬಿದ್ದಿದ್ದೆ ಎನ್ನಬಾರದು. ಹೆಂಡತಿಗೆ ಹೊಡೆಯುತ್ತಿದ್ದೆ ಎನ್ನಬಹುದು, ಯಾವುದರಿಂದ ಎನ್ನಬಾರದು. ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿರುತ್ತಾರೆ. ಇದನ್ನು ಯಾರೂ ನಿಯಮವೆಂದು ಬರೆದಿಟ್ಟಿಲ್ಲ. ವರ್ಷಕ್ಕೊಮ್ಮೆ ಸಭೆಯ ಪುಸ್ತಿಕೆಗೆ ಈ ಸಾಕ್ಷಿಗಳನ್ನೆಲ್ಲ ತಿದ್ದಿ ಬರೆದು ಕೊಡುತ್ತಿದ್ದವನು ನಾನು. ಹಾಗಾಗಿ ಈ ಕ್ರಮವನ್ನು ಮಾಡಿದವನೂ ಬಹುಪಾಲು ನಾನೇ.

ನಾನು ಗದಗಿನ ಕಡೆಯವನು. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ಪುಣೆಯ ಒಂದು ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿದ್ದೆ. ಅಲ್ಲಿ ಮರಾಠಿ, ಮನೆಯಲ್ಲಿ ಗದಗಿನ ಮಾತು, ಸಭೆಯಲ್ಲಿ ಶುದ್ಧ ಕನ್ನಡ. ಅಕ್ಷರ ದುಂಡಗಿದೆ ಎಂದು ಜನ ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಮದುವೆಯ ಕರೆಯೋಲೆ, ಮೃತರ ಪರಿಚಯ, ದಾನಿಗಳಿಗೆ ವಂದನೆಯ ಪತ್ರ ಎಲ್ಲವೂ ನನ್ನ ಮೇಜಿಗೇ ಬರುತ್ತಿದ್ದವು. ನನ್ನ ಹೆಂಡತಿಗೆ ಇದು ತಮಾಷೆ. “ಸತ್ತವರ ಬಾಯಾಗೂ ನಿಮ್ಮ ಮಾತ ತುರುಕತೀರಿ. ಪಾಪ, ಅವರು ಎದ್ದು ಬಂದು ಬ್ಯಾಡ ಅನ್ನಾಂಗಿಲ್ಲ,” ಎನ್ನುತ್ತಿದ್ದಳು. ನಾನು ಸಿಡುಕುತ್ತಿದ್ದೆ. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ.

ನಿವೃತ್ತಿಯಾದ ಮೇಲೆ ಸಭೆಯವರ ಜೊತೆ ಪ್ರತಿ ಶನಿವಾರ ಜೈಲಿಗೆ ಹೋಗತೊಡಗಿದೆ. ಮರಾಠಿ ಸಭೆಗಳವರು ಮೊದಲಿಂದ ಹೋಗುತ್ತಿದ್ದರು. ಕನ್ನಡದವರೂ ಒಳಗೆ ಸಾಕಷ್ಟು ಜನರಿದ್ದಾರೆ, ಅವರಿಗೆ ಯಾರಾದರೂ ಬೇಕು ಎಂದು ನಮ್ಮನ್ನು ಸೇರಿಸಿಕೊಂಡರು. ವಿಜಾಪುರ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಏನೋ ಮಾಡಿಕೊಂಡು ಒಳಗೆ ಬಿದ್ದವರು ಅವರು. ಒಂದು ಉದ್ದನೆಯ ಕೋಣೆಯಲ್ಲಿ ಜಮಖಾನೆ ಹಾಸಿ ಕೂರಿಸುತ್ತಿದ್ದರು. ನಾವು ಹಾಡುತ್ತಿದ್ದೆವು, ಓದುತ್ತಿದ್ದೆವು, ಕೊನೆಗೆ ಬಿಸ್ಕೀಟು ಹಂಚುತ್ತಿದ್ದೆವು. ಬಿಸ್ಕೀಟಿಗಾಗಿಯೇ ಬಂದು ಆಕಳಿಸುವವರನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು. ನಾನು ಹೇಳುತ್ತಿದ್ದುದು ಒಂದೇ ಮಾತು: ನೀನು ಏನೇ ಮಾಡಿರು, ದೇವರ ಮುಂದೆ ಒಪ್ಪಿಕೋ. ಅವನು ಕ್ಷಮಿಸುತ್ತಾನೆ, ಕ್ಷಮಿಸಿದ ಮೇಲೆ ಅದನ್ನು ಮತ್ತೆ ಎಣಿಸುವುದಿಲ್ಲ. ಅದನ್ನು ನಾನು ಪೂರ್ತಿ ನಂಬಿಯೇ ಹೇಳುತ್ತಿದ್ದೆ.

ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದವನೊಬ್ಬ ಬಿಸ್ಕೀಟನ್ನೂ ಮುಟ್ಟುತ್ತಿರಲಿಲ್ಲ. ಪುಣೆಯ ಕೊಂಢವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು. ಹೆಂಡತಿಯನ್ನು ಕೊಂದು ಜೀವಾವಧಿ ಶಿಕ್ಷೆಯಲ್ಲಿ ಹದಿಮೂರು ವರ್ಷ ಕಳೆದಿದ್ದ. ಒಬ್ಬಳೇ ಮಗಳು. ಆಗ ಅವಳಿಗೆ ಏಳು ವರ್ಷ. ತಾಯಿಯ ತಂಗಿ ಊರಿನ ಇನ್ನೊಂದು ತುದಿಯ ನಿಗಡಿಯ ತನ್ನ ಮನೆಗೆ ಕರೆದುಕೊಂಡು ಹೋಗಿ ಸಾಕಿದ್ದಳು. ಅವಳು ಒಮ್ಮೆಯೂ ತಂದೆಯನ್ನು ನೋಡಲು ಬಂದಿರಲಿಲ್ಲ. ಜೈಲಿನಿಂದ ಫೋನು ಹೋದರೆ ಆ ಮನೆಯಲ್ಲಿ ಎತ್ತುತ್ತಿರಲಿಲ್ಲ.

ಒಂದು ಶನಿವಾರ ಅವನು ನನ್ನ ಹತ್ತಿರ ಬಂದು, “ಸಾಹೇಬ್ರ, ಮಗಳಿಗೆ ಒಂದು ಕಾಗದ ಬರದು ಕೊಡ್ರಿ. ನನಗ ಅಕ್ಷರ ಬರಾಂಗಿಲ್ಲ,” ಎಂದ. ಹೊರಗೆ ಹೋಗುವ ಕಾಗದಗಳನ್ನು ಓದಿ ಮುದ್ರೆ ಹಾಕುವ ಜೈಲಿನ ಕಚೇರಿಯಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲವಾದ್ದರಿಂದ ಕನ್ನಡದ ಕಾಗದದ ಕೆಳಗೆ ಅದರ ಮರಾಠಿಯನ್ನೂ ಬರೆದು ಕೊಡಬೇಕಿತ್ತು. ಅದೂ ನನ್ನದೇ ಕೆಲಸ. ಕಾಗದ ತೆಗೆದು, ಹೇಳು ಎಂದೆ. ಅವನು ಕೈ ಕಟ್ಟಿಕೊಂಡು, ನೆಲ ನೋಡುತ್ತ ಹೇಳಿದ.

“ಯವ್ವಾ, ಹೊಟ್ಟಿಗಿ ಹಾಕ್ಕೋ ಅಂತ ಕೇಳೂ ಮಾರಿ ನನಗಿಲ್ಲ. ಕೇಳಾಂಗಿಲ್ಲ. ಒಂದ ಮಾತ ಹೇಳಬೇಕಾಗೇದ. ನೀ ಹೇಳಿದ್ದಕ್ಕ ನಿಮ್ಮವ್ವ ಸಾಯಲಿಲ್ಲ. ಆಕಿ ನಿಗಡಿ ಬಸ್ ಹತ್ತಿದ್ದು ನಮ್ಮ ಕೆಲಸದ ಮುಕಾದಮ ನೋಡಿದ್ದ. ಮಧ್ಯಾಹ್ನ ಊಟದ ಹೊತ್ತಿಗೇ ನನಗ ಬಂದು ಹೇಳಿದ. ಆವಾಗೇ ನಾ ಕಬ್ಬಿಣದ ಸಳಿ ಒಂದು ತಗದು ಬಾಜೂಕ ಇಟ್ಟಿದ್ದೆ. ಕುಡದದ್ದು ಆಮ್ಯಾಲ. ನೀ ಓಣಿ ಬಾಯಿಗೆ ಓಡಿ ಬಂದು ಹೇಳೂದರೊಳಗ ನಂದು ಎಲ್ಲಾ ಠರಾವ್ ಆಗಿತ್ತು. ಮಗಳು ಹೇಳಿದ ಕೂಡಲೇ ಸಿಟ್ಟು ನೆತ್ತಿಗೇರಿ ಹೊಡದೆ ಅಂತ ಹೇಳು ಅಂತ ವಕೀಲ ಅಂದಾ. ಕೋರ್ಟಿನಾಗ ನಾ ಹಂಗ ಹೇಳಿದೆ. ಅದು ಸುಳ್ಳ.”

ಇಷ್ಟೇ. ಕ್ಷಮೆ ಬೇಡಲಿಲ್ಲ, ದೇವರ ಹೆಸರೆತ್ತಲಿಲ್ಲ.

ನಾನು ಪೆನ್ನು ಹಿಡಿದು ಕೂತೆ. ನನ್ನ ತಲೆಯೆಲ್ಲ ಆ ಸಳಿಯ ಮೇಲೇ ಇತ್ತು. ಅವನ ಅರ್ಜಿ ಮೇಲೆ ಹೋಗಿತ್ತು. ಹದಿನಾಲ್ಕು ವರ್ಷ ತುಂಬಿದವರನ್ನು ಬಿಡುಗಡೆ ಮಾಡುವ ವಿಚಾರ. ದಿಢೀರ್ ಸಿಟ್ಟಿನಲ್ಲಿ ಕೊಂದವನಿಗೂ ಮೊದಲೇ ಯೋಚಿಸಿ ಕೊಂದವನಿಗೂ ಅಲ್ಲಿ ಬೇರೆ ಬೇರೆ ಲೆಕ್ಕ. ಮಧ್ಯಾಹ್ನವೇ ಸಳಿ ತೆಗೆದಿಟ್ಟಿದ್ದೆ ಎಂದು ಅವನೇ ಹೇಳಿದ್ದನ್ನು ನಾನು ಮರಾಠಿಯಲ್ಲಿ ಬರೆದು ಕಚೇರಿಗೆ ಕೊಟ್ಟರೆ ಅವನು ಇನ್ನೂ ಎಷ್ಟು ವರ್ಷ ಕೊಳೆಯಬೇಕೋ. ಇದು ಒಂದು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಆ ಮಾತು ನನಗೆ ಹೊಲಸು ಅನ್ನಿಸಿತು. ಮಗಳಿಗೆ ಹೀಗೂ ಯಾರಾದರೂ ಬರೆಯುತ್ತಾರೆಯೇ? ಆ ಹುಡುಗಿ ಇಷ್ಟು ವರ್ಷ ಏನನ್ನು ನಂಬಿಕೊಂಡು ಬದುಕಿದ್ದಾಳೆ ಎಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

“ಇದನ್ನ ದೇವರ ಮುಂದ ಹೇಳು. ಕಾಗದದಾಗ ಬ್ಯಾಡ. ನಿನ್ನ ಅರ್ಜಿ ಕೆಡತದ,” ಎಂದೆ. ನಾನು ಬರೆದೆ. ಪ್ರಿಯ ಮಗಳೇ ಎಂದು ಶುರು ಮಾಡಿ, ಕತ್ತಲೆಯಲ್ಲಿ ನಡೆಯುತ್ತಿದ್ದ ಪಾಪಿಯಾದ ತಂದೆಯ ಮೇಲೆ ಕರ್ತನು ದಯೆ ತೋರಿದ್ದಾನೆ, ನೀನೂ ನನ್ನನ್ನು ಮನಃಪೂರ್ವಕವಾಗಿ ಕ್ಷಮಿಸಿ ನಿನ್ನ ಹೃದಯದಲ್ಲಿ ಸಮಾಧಾನ ಹೊಂದು ಎಂದು ಒಂದೂವರೆ ಪುಟ. ಓದಿ ತೋರಿಸಿದೆ. “ಛಲೋ ಅದರಿ,” ಎಂದ. ಕಾಗದ ನೋಡುತ್ತ, “ನಾ ಹೇಳಿದ್ದು?” ಎಂದು ಕೇಳಿದ. “ಎಲ್ಲಾ ಇದರಾಗ ಬಂತು,” ಎಂದೆ.

ಆಮೇಲೆ ನಾವಿಬ್ಬರೂ ಮೊಣಕಾಲೂರಿ ಪ್ರಾರ್ಥನೆ ಮಾಡಿದೆವು. ಅವನು ಬಿಕ್ಕಿ ಬಿಕ್ಕಿ ಅತ್ತ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಎಂದ. ಆ ದಿನ ನಾನು ಮನೆಗೆ ಬಂದು ಹೆಂಡತಿಗೆ, ಇವತ್ತು ಒಂದು ಆತ್ಮ ರಕ್ಷಣೆ ಹೊಂದಿತು ಎಂದು ಹೇಳಿ ಎರಡು ಚಪಾತಿ ಹೆಚ್ಚು ತಿಂದೆ. ಮುಂದಿನ ವಾರದಿಂದ ಅವನು ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಹಾಡತೊಡಗಿದ.

ಕಾಗದವನ್ನು ಅಂಚೆಗೆ ಹಾಕಿ ಫಲವಿರಲಿಲ್ಲ. ಮಗಳು ಮರಾಠಿ ಶಾಲೆಯಲ್ಲಿ ಓದಿದವಳು, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಮರಾಠಿಯಲ್ಲೇ ಓದಿಕೊಳ್ಳಲಿ ಎಂದು ಬಿಡಬಹುದಿತ್ತು. ಆದರೆ ನನ್ನ ಕನ್ನಡವನ್ನು ನಾನೇ ಓದಿ ಹೇಳುವ ಆಸೆ ನನಗೆ. ಕಚೇರಿಯ ಮುದ್ರೆ ಬಿದ್ದ ಮೇಲೆ ನಾನೇ ನಿಗಡಿಗೆ ಹೋದೆ. ಅವಳು ಒಂದು ಟೇಲರಿಂಗ್ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವ, ಬ್ಲೌಸ್ ಹೊಲಿಯುವ ಕೆಲಸದಲ್ಲಿದ್ದಳು. ತೆಳ್ಳಗಿನ ಹುಡುಗಿ, ಇಪ್ಪತ್ತರ ಆಸುಪಾಸು. ನಾನು ಬಂದ ಕಾರಣ ಹೇಳಿದಾಗ ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ಟೂಲು ಎಳೆದು ಕೊಟ್ಟಳು. ತನ್ನನ್ನು ಸಾಕಿದ ಮೌಶಿಯನ್ನೂ ಫೋನು ಮಾಡಿ ಕರೆಸಿದಳು.

ನಾನು ಓದಿದೆ. ಚೆನ್ನಾಗಿಯೇ ಓದಿದೆ, ಸಭೆಯಲ್ಲಿ ಓದಿ ರೂಢಿಯಿದೆ. ಮುಗಿದ ಮೇಲೆ ಅವಳು, “ಇದು ನಮ್ಮಪ್ಪ ಮಾತಾಡಿದ್ದೇನ್ರೀ?” ಎಂದಳು.

“ಹೌದವ್ವಾ. ಬರದಾಂವ ನಾನು.”

“ಮನಃಪೂರ್ವಕ ಅಂದ್ನಾ?” ಸಣ್ಣಗೆ ನಕ್ಕಳು. ಆಮೇಲೆ ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಆ ದಿನದ್ದು ಏನರೆ ಹೇಳ್ಯಾನೇನ್ರೀ ಕಾಕಾ? ನನ್ನ ವಿಷಯ ಏನರೆ?” ಎಂದು ಕೇಳಿದಳು.

ಅವಳು ಅದನ್ನು ಕೇಳುವುದಕ್ಕಾಗಿಯೇ ಕೂತಿದ್ದಳು, ಸ್ಟೂಲು ಎಳೆದದ್ದೂ ಅದಕ್ಕಾಗಿಯೇ. ನನಗೆ ತಿಳಿಯಲಿಲ್ಲ. “ಇಲ್ಲವ್ವಾ. ನಿನಗಾಗಿ ದಿನಾ ಪ್ರಾರ್ಥನಾ ಮಾಡ್ತಾನ,” ಎಂದೆ. ಅವಳು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟು ಮೆಷಿನ್ನಿಗೆ ಹೋಗಿ ಕೂತಳು.

ಮೌಶಿ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಡಲು ಬಂದಳು. ದಾರಿಯಲ್ಲಿ ಅವಳಾಗಿಯೇ ಹೇಳಿದಳು. “ಆ ದಿನ ನಮ್ಮಕ್ಕ ನಮ್ಮನಿಗಿ ಬಂದಿದ್ಲರಿ. ಗಂಡ ಹೋಗಬ್ಯಾಡ ಅಂದಿದ್ದ, ಕದ್ದು ಬಂದಿದ್ಲು. ಈ ಹುಡುಗಿಗೆ ನಾ ಐಸ್‌ಕ್ರೀಂ ಕೊಡಿಸಿದೆ. ಅಪ್ಪಗ ಹೇಳಬ್ಯಾಡ ಅಂತ ಅಕ್ಕ ಹತ್ತ ಸಲ ಹೇಳಿದ್ಲು. ಕೂಸರಿ ಅದು. ಅಪ್ಪ ಬರೂದು ಕಂಡು ಓಡಿ ಹೋಗಿ, ನಾವು ಮೌಶಿ ಮನಿಗಿ ಹೋಗಿದ್ವಿ, ಐಸ್‌ಕ್ರೀಂ ತಿಂದ್ವಿ ಅಂತು. ಅವ ಬಂದಾವನ ಹೊಡದಾ. ಕೋರ್ಟಿನಾಗೂ ಇದನ್ನ ನಿಲ್ಲಿಸಿ ಕೇಳಿದ್ರು. ಹೌದು, ನಾ ಹೇಳಿದೆ ಅಂತು. ಅವತ್ತಿಂದ ಅದರ ತಲ್ಯಾಗ ಒಂದ. ನಮ್ಮವ್ವನ ನಾ ಕೊಂದೆ. ವರ ನೋಡೂಣು ಅಂದ್ರ, ನಾ ಬ್ಯಾರೇದವರ ಮನಿ ಯಾಕ ಕೆಡಿಸಲಿ ಅಂತದ. ವಾರಗಟ್ಟಲೆ ಬಾಯಿ ಬಿಡಾಂಗಿಲ್ಲ. ಕಾಗದ ಬಂದದ ಅಂದ ಕೂಡಲೇ ನನಗೂ ಆಸೆ ಆತ್ರಿ. ಅದರ ಒಂದ ಮಾತ ಏನರೆ ಇರತದ ಅಂತ.”

ಬಸ್ ನಿಲ್ದಾಣದಿಂದ ಆ ಅಂಗಡಿ ನೂರು ಹೆಜ್ಜೆ ದೂರ ಇರಬಹುದು. ತಿರುಗಿ ಹೋಗಿ, ಅವ್ವಾ, ನಿಮ್ಮಪ್ಪ ಹೇಳಿದ್ದ, ನಾನು ತೆಗೆದುಹಾಕಿದೆ ಎನ್ನಬೇಕಿತ್ತು. ಹೋಗಲಿಲ್ಲ. ಮೌಶಿಯ ಮುಂದೆ ಮುಖ ಕೆಡುತ್ತದೆ ಎಂಬ ಅಳುಕು, ಅರ್ಜಿಯ ನೆಪ, ಅವನ ಬಾಯಿಂದಲೇ ಮತ್ತೊಂದು ಕಾಗದ ಬರೆಸಿ ತಂದರೆ ಚೆಂದ ಎಂಬ ಹಳೆಯ ಚಟ. ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ಆ ಹೆಂಗಸಿಗೆ ಕೈ ಮುಗಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಪಾಪಗಳನ್ನು ಎಣಿಸು ಎಂದರೆ ಆ ಬಸ್ಸು ಹತ್ತಿದ್ದನ್ನು ಮೊದಲು ಹೇಳುತ್ತೇನೆ.

ಶನಿವಾರ ಜೈಲಿನಲ್ಲಿ ಅವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ನಿನ್ನ ಮಗಳು ಹೀಗೆ ತಿಳಿದುಕೊಂಡಿದ್ದಾಳೆ, ಅವತ್ತು ಹೇಳಿದ್ದನ್ನೇ ಮತ್ತೆ ಹೇಳು, ಒಂದಕ್ಷರ ಬಿಡದೆ ಬರೆಯುತ್ತೇನೆ ಎಂದೆ. ಅವನು ಶಾಂತವಾಗಿ ಕೇಳಿದ. ಆ ಶಾಂತಿಯನ್ನು ಅವನ ಮುಖದಲ್ಲಿ ತಂದಿಟ್ಟವನು ನಾನೇ.

“ನಾ ಅಂಥಾದ್ದು ಹೇಳಿದ್ದು ನೆನಪಿಲ್ಲರಿ ಸಾಹೇಬ್ರ.”

“ಸಳಿ ತಗದಿಟ್ಟಿದ್ದೆ ಅಂದಿ. ಮುಕಾದಮ ಬಂದು ಹೇಳಿದ ಅಂದಿ.”

“ನೀವ ಹೇಳಿದ್ರಿ, ದೇವರು ಒಮ್ಮೆ ಮಾಫ್ ಮಾಡಿದ ಮ್ಯಾಲ ಮತ್ತ ಅದನ್ನ ಎಣಿಸಾಂಗಿಲ್ಲ ಅಂತ. ದೇವರು ಬಿಟ್ಟದ್ದನ್ನ ನಾ ಯಾಕ ಹಿಡೀಲಿ? ಮುಂದಿನ ತಿಂಗಳ ನನ್ನ ಅರ್ಜಿ ಅದ. ನೀವ ಕೆಡತದ ಅಂದಿದ್ರಿ.”

ನನಗೆ ಸಿಟ್ಟು ಉಕ್ಕಿತು. ಕೂಗಿದೆ. ಕಾವಲಿನವನು ತಿರುಗಿ ನೋಡಿದ. ಇವನು ಮಾತ್ರ ನನ್ನ ಹೆಗಲ ಮೇಲೆ ಕೈಯಿಟ್ಟು, ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ ಎಂದ. ಅವನು ನಾಟಕ ಮಾಡುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಮಗಳಿಗೆ ಸಲ್ಲಬೇಕಾದ ಮಾತನ್ನು ನಾನು ದೇವರ ಕಡೆ ತಿರುಗಿಸಿದ್ದೆ. ಅಲ್ಲಿ ಅವನಿಗೆ ಸುಲಭವಾಗಿ ಸಮಾಧಾನ ಸಿಕ್ಕಿತ್ತು. ಈಗ ಅವನು ಯಾಕೆ ಹಿಂದಿರುಗಿ ಬಂದಾನು?

ಹೆಂಡತಿಗೆ ಹೇಳಿದೆ. ಅವಳು ಈ ಸಲ ತಮಾಷೆ ಮಾಡಲಿಲ್ಲ. “ನಾಳೆನ ನಿಗಡಿಗೆ ಹೋಗ್ರಿ,” ಎಂದಳು. ನಾನು ಹೋಗಲಿಲ್ಲ. ನಾನು ಹೇಳಿ, ಆ ಹುಡುಗಿ ಯಾರಿಗೋ ಹೇಳಿ, ಅದು ಜೈಲಿಗೆ ಮುಟ್ಟಿ ಅವನ ಬಿಡುಗಡೆ ನಿಂತರೆ? ಅವನು ಹೊರಗೆ ಬರಲಿ, ಆಮೇಲೆ ಅವನಿಂದಲೇ ಹೇಳಿಸುತ್ತೇನೆ ಎಂದುಕೊಂಡೆ. ಅರ್ಜಿ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಹಾಗೆ ಒಂದು ವರ್ಷದ ಮೇಲಾಯಿತು. ಆ ಅಷ್ಟೂ ದಿನ ಅವಳು ನಿಗಡಿಯಲ್ಲಿ ಫಾಲ್ ಹಚ್ಚುತ್ತಿದ್ದಳು. ಪ್ರಾರ್ಥನೆಗೆ ಕೂತರೆ ನನಗೆ ಮಾತು ಬರುತ್ತಿರಲಿಲ್ಲ. ಎಲ್ಲ ಪದಗಳೂ ನಾನೇ ತಿದ್ದಿ ಇಟ್ಟವುಗಳ ಹಾಗೆ ಕೇಳಿಸುತ್ತಿದ್ದವು.

ಅವನು ಬಿಡುಗಡೆಯಾದ. ಸಭೆಯವರು ಬಟ್ಟೆ ಕೊಡಿಸಿದರು. ಭೋರ್ ಹತ್ತಿರ ಒಬ್ಬರ ತೋಟದಲ್ಲಿ ಕಾವಲಿನ ಕೆಲಸ ಹಿಡಿಸಿದರು. ಭಾನುವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ. ಕತ್ತಲೆಯಲ್ಲಿ ನಡೆಯುತ್ತಿದ್ದೆ, ಕರ್ತನು ದಯೆ ತೋರಿದನು, ಸ್ತೋತ್ರ. ನನ್ನ ಕಾಗದ ಅವನಿಗೆ ಬಾಯಿಪಾಠವಾಗಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಭೆಯ ಪಾದ್ರಿ ಅಯ್ಯನವರು ನನ್ನ ಕೈ ಹಿಡಿದು ಕುಲುಕಿ, ಇದು ನಿಮ್ಮ ಸೇವೆಯ ಫಲ ಎಂದರು. ನಾನು ಹೊರಗೆ ಬಂದು ಅವನನ್ನು ಹಿಡಿದು, ಈಗಲಾದರೂ ಮಗಳಿಗೆ ಇದ್ದದ್ದನ್ನು ಹೇಳು ಎಂದೆ. ಈಗ ಹೇಳಿದರೆ ಮತ್ತೆ ಒಳಗೆ ಹಾಕುತ್ತಾರೆ ಎಂದ.

ಮರುದಿನ ನಿಗಡಿಗೆ ಹೋದೆ. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಇದ್ದದ್ದನ್ನು ಇದ್ದ ಹಾಗೆ, ಅವನ ಮಾತಿನಲ್ಲೇ ಹೇಳಿದೆ. ಮುಕಾದಮ, ಮಧ್ಯಾಹ್ನದ ಊಟ, ಸಳಿ, ವಕೀಲ. ನೀನು ಬಾಯಿ ತೆರೆಯುವ ಮೊದಲೇ ಅವನು ಎಲ್ಲ ತೀರ್ಮಾನ ಮಾಡಿದ್ದ ಎಂದೆ. ಮೆಷಿನ್ನು ನಿಂತಿತು. ಅವಳ ಮುಖದ ಮೇಲೆ ಏನೋ ಬಂತು, ಏಳು ವರ್ಷದ ಕೂಸಿನ ಮುಖ ಹೇಗಿದ್ದಿರಬಹುದು ಎಂದು ನನಗೆ ಆಗ ಕಂಡಿತು.

“ಖರೇನ?” ಎಂದಳು.

“ದೇವರಾಣಿ.”

“ಹಂಗಾರ ಅವತ್ತ ನಾ ಕೇಳಿದಾಗ ಇಲ್ಲ ಅಂದ್ರಲ್ಲ?”

ಕಾಗದದಿಂದ ತೆಗೆದವನು ನಾನೇ, ಒಪ್ಪಿಕೊಳ್ಳಲು ನಾಚಿಕೆಯಾಯಿತು ಎಂದೆ. ಅವಳು ಮೆಷಿನ್ನಿನಿಂದ ನನ್ನ ಕಡೆ ತಿರುಗಿ ಕೂತಳು. “ಮೌಶಿ ನಿಮಗ ಎಲ್ಲಾ ಹೇಳ್ಯಾಳಲ್ಲ? ಐಸ್‌ಕ್ರೀಂದು?” ಹೌದು ಎಂದೆ. “ಅದಕ್ಕ. ನನಗ ಸಮಾಧಾನ ಆಗಲಿ ಅಂತ ಕಟ್ಟಿಕೊಂಡು ಬಂದೀರಿ. ನೀವು ಭಾಳ ಛಲೋ ಮಂದಿ ಕಾಕಾ. ಅವತ್ತೂ ಛಲೋ ಆಗಲಿ ಅಂತನ ಬರದಿದ್ರಿ.”

ಇಲ್ಲವ್ವಾ, ಇಲ್ಲ ಎಂದು ನಾನು ಬೇಡಿಕೊಂಡೆ. ಅಳುವುದೊಂದು ಬಾಕಿ. ಅವಳಿಗೂ ನಂಬುವ ಆಸೆ ಇದ್ದೇ ಇತ್ತು. ಕಡೆಗೆ, “ಅವಗ ಫೋನ್ ಹಚ್ಚರಿ. ಅವನ ಬಾಯಿಂದ ಒಮ್ಮೆ ಕೇಳ್ತೀನಿ,” ಎಂದಳು. ಹದಿನಾಲ್ಕು ವರ್ಷ ತಂದೆಯ ದನಿ ಕೇಳದವಳು. ಫೋನಿನ ಸ್ಪೀಕರ್ ಹಾಕಿ ಬಟ್ಟೆಗಳ ನಡುವೆ ಇಟ್ಟೆ. ಅವನು ಎತ್ತಿದ. ಮಗಳು ಪಕ್ಕದಲ್ಲಿದ್ದಾಳೆ, ಮುಕಾದಮನ ಮಾತನ್ನು ಒಮ್ಮೆ ಹೇಳಿಬಿಡು, ನಿನ್ನ ಕಾಲು ಹಿಡಿಯುತ್ತೇನೆ ಎಂದೆ.

ಅವನು ಮಗಳ ಹೆಸರು ಹಿಡಿದು ಕರೆದ. ದನಿ ತುಂಬ ಮೃದುವಾಗಿತ್ತು, ಅಳುತ್ತಿದ್ದ ಅನಿಸುತ್ತದೆ.

“ಯವ್ವಾ, ಸಾಹೇಬ್ರಿಗಿ ವಯಸ್ಸಾಗೇದ, ಏನೇನೋ ಅಂತಾರ. ಅದೆಲ್ಲ ಬಿಡು. ದೇವರು ನನ್ನ ಕ್ಷಮಿಸ್ಯಾನ. ನೀ ಸಣ್ಣಾಕಿ ಇದ್ದಿ, ತಿಳೀದ ಹೇಳಿದಿ. ನಿನ್ನ ನಾನೂ ಮನಃಪೂರ್ವಕ ಕ್ಷಮಿಸೀನಿ.”

ಅವಳು, “ಆತಪ್ಪಾ,” ಎಂದಳು. ಬೆರಳಿನಿಂದ ಫೋನು ಆರಿಸಿ, ನನ್ನ ಕೈಗೆ ಕೊಟ್ಟು, ಸೀರೆಯ ಅಂಚನ್ನು ಸೂಜಿಯ ಕೆಳಗೆ ಸರಿಮಾಡಿಕೊಂಡು ಮತ್ತೆ ಹೊಲಿಯತೊಡಗಿದಳು.